ಜ್ವರ ಬಿಟ್ಟ ದಿನವೇ ಮಗ ಐಸಿಯು ಸೇರಿದ್ದು ಯಾಕೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇದ್ದೇವೆ, ಊರು ಕುಂದಾಪುರದ ಕಡೆ. ಕಳೆದ ಮಳೆಗಾಲದಲ್ಲಿ ನನ್ನ 19 ವರ್ಷದ ಮಗನಿಗೆ ಡೆಂಗ್ಯೂ ಬಂತು. ಅವನಿಗೆ ಅದು ಎರಡನೇ ಸಲ. ನಾಲ್ಕು ದಿನ ಸುಡುವ ಜ್ವರ. ಐದನೇ ದಿನ ಬೆಳಿಗ್ಗೆ ಜ್ವರ ಬಿಟ್ಟಿತು, ಎದ್ದು ಕೂತು ಗಂಜಿ ಕುಡಿದ. ಸಂಜೆ ಹೊತ್ತಿಗೆ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗೆ. ಐಸಿಯುಗೆ ಸೇರಿಸಬೇಕಾಯಿತು. ಈಗ ಆರಾಮಾಗಿದ್ದಾನೆ. ಅಲ್ಲಿನ ಡಾಕ್ಟರು "ವೈರಸ್ ಕಡಿಮೆ ಆಗ್ತಾ ಬಂದಿದೆ, ಈಗ ತೊಂದರೆ ಕೊಡ್ತಾ ಇರೋದು ಅವನದೇ ಸೈಟೊಕೈನ್" ಅಂದಿದ್ದರು. ಅದು ರೋಗದ ವಿರುದ್ಧ ಹೋರಾಡುವ ಪ್ರೋಟೀನ್ ಅಂತ ಆಮೇಲೆ ಓದಿದೆ. ಕಾಪಾಡಬೇಕಾದದ್ದೇ ತೊಂದರೆ ಕೊಡುವುದು ಹೇಗೆ? ಅವನ ಇಮ್ಯುನಿಟಿ ಹೆಚ್ಚಿಸಬೇಕು ಅಂತ ಬಿಲ್ಡಿಂಗಿನಲ್ಲಿ ಎಲ್ಲರೂ ಅಮೃತಬಳ್ಳಿ ಕಷಾಯ, ಪುಡಿ, ಮಾತ್ರೆ ಅಂತ ಹೇಳುತ್ತಿದ್ದಾರೆ. ಕೊಡಬಹುದಾ? ಇನ್ನೊಂದು ವಿಷಯ. ನಮ್ಮ ಬಾವನಿಗೆ ಸಂಧಿವಾತಕ್ಕೆ ಹೊಸ ಇಂಜೆಕ್ಷನ್ ಶುರು ಮಾಡುವ ಮೊದಲು ಟಿಬಿ ಟೆಸ್ಟ್ ಮಾಡಿಸಿ ಅಂದಿದ್ದಾರೆ. ಅವರಿಗೆ ಕೆಮ್ಮೇ ಇಲ್ಲ. ಆ ಇಂಜೆಕ್ಷನ್ನೂ ಸೈಟೊಕೈನ್‌ಗೆ ಸಂಬಂಧಪಟ್ಟದ್ದಂತೆ. ಹೌದಾ?

ಉತ್ತರ: ಮಗ ಹುಷಾರಾದದ್ದು ಕೇಳಿ ತುಂಬಾ ಸಂತೋಷ ಆಯಿತು. ಡಾಕ್ಟರು ನಿಮಗೆ ಹೇಳಿದ್ದು ಸರಿ. ಆದರೆ ಐಸಿಯು ಬಾಗಿಲಲ್ಲಿ ನಿಂತು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ನಿಮ್ಮ ಮೂರು ಪ್ರಶ್ನೆಗಳಿಗೂ ಮೂಲ ಒಂದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೈಟೊಕೈನ್ ಅಂದರೆ ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸುವ ಸಂದೇಶ. ಬಹಳ ಸಣ್ಣ ಪ್ರೋಟೀನ್. ಇಂಟರ್‌ಫೆರಾನ್ ಆಲ್ಫಾ ಅನ್ನುವುದು ಸುಮಾರು 165 ಅಮೈನೊ ಆಮ್ಲಗಳ ಒಂದು ಸರ, ಅಷ್ಟೇ. ಈ ಪ್ರೋಟೀನ್‌ಗಳಲ್ಲಿ ಹೆಚ್ಚಿನವು ತಾವಾಗಿ ಯಾವ ಕ್ರಿಮಿಯನ್ನೂ ಕೊಲ್ಲುವುದಿಲ್ಲ. ರಕ್ತದಲ್ಲಿ ಇರುವುದು ಗ್ರಾಮಿನ ಲಕ್ಷ ಕೋಟಿಯ ಒಂದು ಪಾಲಿನ ಲೆಕ್ಕದಲ್ಲಿ. ಹೆಚ್ಚಿನವು ನಿಮಿಷಗಳಲ್ಲಿ ಅಥವಾ ಕೆಲವು ಗಂಟೆಗಳಲ್ಲಿ ಕರಗಿ ಹೋಗುತ್ತವೆ. ಅವುಗಳನ್ನು ಹಿಡಿಯುವ ರಿಸೆಪ್ಟರ್ ಯಾವ ಜೀವಕೋಶದ ಮೈಮೇಲೆ ಇದೆಯೋ ಅದಕ್ಕೆ ಮಾತ್ರ ಸಂದೇಶ ತಲುಪುತ್ತದೆ. ತಲುಪಿದ ಮೇಲೆ ಆ ಕೋಶದೊಳಗೆ ಯಾವ ಜೀನ್ ಕೆಲಸ ಶುರು ಮಾಡಬೇಕು, ಯಾವುದು ನಿಲ್ಲಿಸಬೇಕು ಅನ್ನುವುದು ಬದಲಾಗುತ್ತದೆ. ಮುಂದೆ ಹೇಳುವುದೆಲ್ಲ ಈ ಬದಲಾವಣೆಯ ಕಥೆ.

ನಿಮ್ಮ ಮಗನನ್ನು ಸೊಳ್ಳೆ ಕಚ್ಚಿದ ಕ್ಷಣದಿಂದ ಶುರು ಮಾಡೋಣ. ಈಡಿಸ್ ಸೊಳ್ಳೆಯ ಜೊಲ್ಲಿನ ಜೊತೆ ಡೆಂಗ್ಯೂ ವೈರಸ್ ಚರ್ಮದೊಳಗೆ ಬರುತ್ತದೆ. ಚರ್ಮದಲ್ಲಿರುವ ಕೆಲವು ರಕ್ಷಣಾ ಕೋಶಗಳೊಳಗೆ ಹೊಕ್ಕು, ತನ್ನನ್ನು ತಯಾರಿಸುವ ಸೂಚನೆಗಳಿರುವ ಅಣುವಾದ ಆರ್‌ಎನ್‌ಎಯ ಪ್ರತಿಗಳನ್ನು ಮಾಡಲು ಶುರು ಮಾಡುತ್ತದೆ. ಇಲ್ಲೇ ಅದು ಸಿಕ್ಕಿಬೀಳುವುದು. ನಮ್ಮ ಕೋಶದ ಆರ್‌ಎನ್‌ಎಗೂ ವೈರಸ್ ತಯಾರಿಸುವ ಆರ್‌ಎನ್‌ಎಗೂ ತುದಿಯಲ್ಲಿ, ರೂಪದಲ್ಲಿ ವ್ಯತ್ಯಾಸ ಇದೆ. ಅದನ್ನು ಪತ್ತೆ ಮಾಡುವ ಪ್ರೋಟೀನ್‌ಗಳು ಪ್ರತಿ ಕೋಶದೊಳಗೂ ಕಾಯುತ್ತಾ ಇರುತ್ತವೆ. ರಿಗ್-ಐ ಅನ್ನುವುದು ಅದರಲ್ಲಿ ಒಂದು. ಇದು ಎಚ್ಚರಿಸಿದ ಕೂಡಲೇ ಕೋಶ ಇಂಟರ್‌ಫೆರಾನ್ ತಯಾರಿಸಿ ಹೊರಗೆ ಬಿಡುತ್ತದೆ.

ಗಿರಗಾಂವದ ಹಳೇ ಚಾಳು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಒಂದು ಖೋಲಿಗೆ ಕಳ್ಳ ನುಗ್ಗಿದರೆ ಆ ಖೋಲಿಯವರಿಗೆ ಬಾಗಿಲು ಹಾಕಿಕೊಳ್ಳುವ ಸಮಯ ಮೀರಿರುತ್ತದೆ. ಆದರೆ ಅವರು ಕೂಗಿದರೆ ಸಾಲಿನ ಉಳಿದ ಖೋಲಿಗಳೆಲ್ಲ ಚಿಲಕ ಹಾಕಿಕೊಳ್ಳುತ್ತವೆ. ಇಂಟರ್‌ಫೆರಾನ್ ಆ ಕೂಗು. ಕೂಗಿದ ಕೋಶ ಹೆಚ್ಚಾಗಿ ಸಾಯುತ್ತದೆ, ಪಕ್ಕದವು ಉಳಿಯುತ್ತವೆ.

ಪಕ್ಕದ ಕೋಶ ಏನೇನು ಮಾಡುತ್ತದೆ ಅನ್ನುವುದು ನನಗೆ ಇಂದಿಗೂ ಬೆರಗು. ಸಂದೇಶ ತಲುಪಿದ ಕೆಲವೇ ಗಂಟೆಗಳಲ್ಲಿ ನೂರಾರು ಜೀನ್‌ಗಳು ಎಚ್ಚರಗೊಳ್ಳುತ್ತವೆ. ಒಂದು ಪ್ರೋಟೀನ್, ವೈರಸ್ ಒಳಗೆ ಬಂದದ್ದು ಗೊತ್ತಾದರೆ ಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ವೈರಸ್‌ಗೆ ಸ್ವಂತ ಕಾರ್ಖಾನೆ ಇಲ್ಲ, ನಮ್ಮದನ್ನೇ ನಂಬಿಕೊಂಡು ಬಂದಿರುತ್ತದೆ. ಇನ್ನೊಂದು ಕಿಣ್ವ ಕೋಶದೊಳಗಿನ ಆರ್‌ಎನ್‌ಎಯನ್ನು ಕತ್ತರಿಸುತ್ತದೆ, ವೈರಸ್ಸಿನದ್ದು, ತನ್ನದು ಎರಡನ್ನೂ. ಮತ್ತೊಂದು, ವೈರಸ್ ಒಳಗೆ ಬರುವ ದಾರಿಯಲ್ಲೇ ಅಡ್ಡ ನಿಲ್ಲುತ್ತದೆ. ಜೊತೆಗೆ ಕೋಶ ತನ್ನೊಳಗಿನ ಪ್ರೋಟೀನ್ ಚೂರುಗಳನ್ನು ಮೈಮೇಲೆ ಜಾಸ್ತಿ ಪ್ರದರ್ಶಿಸಲು ಶುರು ಮಾಡುತ್ತದೆ. ಅದನ್ನು ನೋಡಿ ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಸೋಂಕು ತಗುಲಿದ ಕೋಶ ಯಾವುದು ಅಂತ ಗುರುತಿಸುತ್ತವೆ.

ಒಂದು ವಿಷಯ ಗಮನಿಸಿ. ಇದರಲ್ಲಿ ಹೆಚ್ಚಿನವು ಕೋಶಕ್ಕೂ ನಷ್ಟದ ಕೆಲಸಗಳೇ. ಕೋಶ ತನ್ನ ದಿನನಿತ್ಯದ ಕೆಲಸ ನಿಲ್ಲಿಸಿ, ತನ್ನದೇ ಆರ್‌ಎನ್‌ಎ ಕತ್ತರಿಸಿಕೊಂಡು ವೈರಸ್ಸಿಗೆ ಅಡ್ಡಿ ಮಾಡುತ್ತಿದೆ. ಸ್ವಲ್ಪ ದಿನಕ್ಕೆ ಪರವಾಗಿಲ್ಲ. ತುಂಬಾ ದಿನ ನಡೆದರೆ ಮೈ ತಾಳುವುದಿಲ್ಲ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ.

ಈ ಇಂಟರ್‌ಫೆರಾನನ್ನು ಕಂಡುಹಿಡಿದದ್ದು 1957ರಲ್ಲಿ, ಲಂಡನ್ನಿನ ಮಿಲ್ ಹಿಲ್‌ನ ಸಂಶೋಧನಾಲಯದಲ್ಲಿ. ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯೊಳಗಿನ ಪೊರೆಯ ಚೂರುಗಳನ್ನು ತೆಗೆದುಕೊಂಡು, ಬಿಸಿ ಮಾಡಿ ಸತ್ವ ಕಳೆದ ಫ್ಲೂ ವೈರಸ್ಸಿನ ಜೊತೆ ಇಟ್ಟರು. ಆಮೇಲೆ ಆ ದ್ರವವನ್ನು ಬೇರೆ ಪೊರೆಗೆ ಹಾಕಿದರೆ ಅದರಲ್ಲಿ ಜೀವಂತ ವೈರಸ್ ಬೆಳೆಯಲಿಲ್ಲ. ದ್ರವದಲ್ಲಿ ಏನೋ ಬಂದು ಸೇರಿತ್ತು. ಟೋಕಿಯೊದಲ್ಲಿ ನಗಾನೊ ಮತ್ತು ಕೊಜಿಮಾ ಅನ್ನುವವರು 1954ರಲ್ಲೇ ಇಂಥದ್ದನ್ನು ನೋಡಿ ಬರೆದಿದ್ದರು, ಅವರಿಗೆ ಸಿಗಬೇಕಾದ ಹೆಸರು ಸಿಗಲಿಲ್ಲ. ಅದೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೋಗಿ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದರು. ಅದು ಡೆಂಗ್ಯೂ ವೈರಸ್ಸಿನ ಕುಟುಂಬದ್ದೇ.

ಈಗ ಜ್ವರಕ್ಕೆ ಬರೋಣ. ಡೆಂಗ್ಯೂ ವೈರಸ್ ನೇರವಾಗಿ ಮೈ ಬಿಸಿ ಮಾಡುವುದಿಲ್ಲ. ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಅನ್ನುವ ಸಂದೇಶಗಳು ರಕ್ತದಲ್ಲಿ ಹೋಗಿ ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್‌ಗೆ ಮುಟ್ಟಿದಾಗ, ಅಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುತ್ತದೆ. ಮೈಯ ಉಷ್ಣತೆಯ ಗುರಿ ಮೇಲೇರುತ್ತದೆ. 37 ಡಿಗ್ರಿ ಸಾಕು ಅನ್ನುತ್ತಿದ್ದ ಮೆದುಳು 39 ಬೇಕು ಅನ್ನುತ್ತದೆ. ಅದಕ್ಕೇ ಜ್ವರ ಏರುವಾಗ ಚಳಿ ಆಗುವುದು, ನಡುಗುವುದು. ಪ್ಯಾರಾಸಿಟಮಾಲ್ ತಡೆಯುವುದು ಈ ಪ್ರೋಸ್ಟಗ್ಲಾಂಡಿನ್ನನ್ನು. ವೈರಸ್ಸಿನ ತಂಟೆಗೆ ಅದು ಹೋಗುವುದೇ ಇಲ್ಲ. ಊಟ ಬೇಡ ಅನಿಸುವುದು, ಸುಮ್ನೆ ಮಲಗಿರೋಣ ಅನಿಸುವುದು, ಮೈಕೈ ನೋವು, ಇವೆಲ್ಲವೂ ಇದೇ ಸಂದೇಶಗಳ ಕೆಲಸ. ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಹೊಸ ಮಾತ್ರೆಗಳು ಬರುವ ಮೊದಲು ಹೆಪಟೈಟಿಸ್ ಸಿ ರೋಗಿಗಳಿಗೆ ತಿಂಗಳುಗಟ್ಟಲೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದರು. ಫ್ಲೂ ವೈರಸ್ಸಿನ ಸುಳಿವೇ ಇಲ್ಲದೆ ಅವರಿಗೆ ಪಕ್ಕಾ ಫ್ಲೂ ಥರದ ಜ್ವರ, ಚಳಿ, ಮೈನೋವು ಬರುತ್ತಿತ್ತು. ಲಸಿಕೆ ಹಾಕಿಸಿದ ರಾತ್ರಿ ಮೈ ಬೆಚ್ಚಗಾಗುವುದೂ ಹೀಗೆಯೇ.

ಲ್ಯಾಬ್ ರಿಪೋರ್ಟಿನಲ್ಲಿ ಸಿಆರ್‌ಪಿ ಅಂತ ಒಂದು ಸಾಲು ನೋಡಿರುತ್ತೀರಿ, ಅಲ್ವಾ? ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ತಲುಪಿದಾಗ ಅಲ್ಲಿ ತಯಾರಾಗುವ ಪ್ರೋಟೀನ್ ಅದು. ಸಂದೇಶ ಎಷ್ಟು ಜೋರಾಗಿದೆ ಅನ್ನುವುದನ್ನು ಡಾಕ್ಟರು ಅದರಿಂದ ಅಂದಾಜು ಮಾಡುತ್ತಾರೆ. ಗಾಯದಲ್ಲಿ ಕೀವು ಆಗುವುದಕ್ಕೂ ಒಂದು ಸಂದೇಶ ಇದೆ, ಇಂಟರ್‌ಲ್ಯೂಕಿನ್-8. ಅದು ಬಿಳಿ ರಕ್ತಕಣಗಳನ್ನು ಆ ಜಾಗಕ್ಕೆ ಕರೆಯುತ್ತದೆ.

ಇಷ್ಟೆಲ್ಲ ವ್ಯವಸ್ಥೆ ಇದ್ದೂ ಕಾಯಿಲೆ ಯಾಕೆ ಬರುತ್ತದೆ? ಕ್ರಿಮಿಗಳು ಈ ಸಂದೇಶವನ್ನೇ ತಡೆಯಲು ಕಲಿತಿವೆ. ಮುಂಬಯಿಯ ಚರಿತ್ರೆಯಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ.

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಬಂದಿದೆ ಅಂತ ಮೊದಲು ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಶಿಯೊ ವೀಗಸ್. ಊರಿಗೆ ಊರೇ ಖಾಲಿಯಾಗುವಷ್ಟು ಜನ ಮುಂಬಯಿ ಬಿಟ್ಟು ಓಡಿದರು. ವಾಲ್ಡೆಮರ್ ಹಾಫ್‌ಕಿನ್ ಇಲ್ಲಿಗೆ ಬಂದು ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡರು. ಪರೇಲಿನ ಹಾಫ್‌ಕಿನ್ ಸಂಸ್ಥೆ ಅವರ ಹೆಸರಿನದ್ದು. ಪ್ಲೇಗ್ ಬ್ಯಾಕ್ಟೀರಿಯಾ ಅಷ್ಟು ಬೇಗ ಕೊಲ್ಲುವುದು ಹೇಗೆ ಅನ್ನುವುದು ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

ಈಗ ಗೊತ್ತಿದೆ. ಇಂಥ ಬ್ಯಾಕ್ಟೀರಿಯಾಗಳ ಹೊರಪದರದಲ್ಲಿ ಒಂದು ಕೊಬ್ಬಿನ ಅಣು ಇರುತ್ತದೆ, ಅದಕ್ಕೆ ಬಾಲಗಳಿರುತ್ತವೆ. ಆರು ಬಾಲ ಇದ್ದರೆ ನಮ್ಮ ಕೋಶದ ಮೇಲಿನ ಟಿಎಲ್‌ಆರ್-4 ಎಂಬ ರಿಸೆಪ್ಟರ್ ಅದನ್ನು ಥಟ್ಟನೆ ಹಿಡಿದು ಸೈಟೊಕೈನ್ ಬಿಡಿಸುತ್ತದೆ. ಈ ಬಗೆಯ ರಿಸೆಪ್ಟರುಗಳ ಮಹತ್ವ ತೋರಿಸಿದ ಬ್ರೂಸ್ ಬಾಯ್ಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಬಂತು. ಪ್ಲೇಗ್ ಬ್ಯಾಕ್ಟೀರಿಯಾ ಚಿಗಟದ ತಣ್ಣಗಿನ ಮೈಯಲ್ಲಿದ್ದಾಗ ಅದಕ್ಕೂ ಆರು ಬಾಲದ ಅಣು ಇರುತ್ತದೆ. ಮನುಷ್ಯನ 37 ಡಿಗ್ರಿಗೆ ಬಂದ ಕೂಡಲೇ ನಾಲ್ಕು ಬಾಲದ್ದನ್ನು ತಯಾರಿಸಲು ಶುರು ಮಾಡುತ್ತದೆ. ಅದನ್ನು ಟಿಎಲ್‌ಆರ್-4 ಗುರುತಿಸುವುದಿಲ್ಲ. ಯಾವ ಸಂದೇಶವೂ ಹೊರಡುವುದಿಲ್ಲ. ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯುತ್ತದೆ. ಮೈಗೆ ಗೊತ್ತಾಗುವ ಹೊತ್ತಿಗೆ ರಕ್ತದ ತುಂಬಾ ಅದೇ ಇರುತ್ತದೆ.

2006ರಲ್ಲಿ ಸಂಶೋಧಕರು ಒಂದು ಕೆಲಸ ಮಾಡಿದರು. ಪ್ಲೇಗ್ ಬ್ಯಾಕ್ಟೀರಿಯಾಕ್ಕೆ ಬೇರೆ ಬ್ಯಾಕ್ಟೀರಿಯಾದ ಒಂದೇ ಒಂದು ಜೀನ್ ಸೇರಿಸಿ, ಬಿಸಿಯಲ್ಲೂ ಆರು ಬಾಲದ ಅಣು ತಯಾರಿಸುವಂತೆ ಮಾಡಿದರು. ಬ್ಯಾಕ್ಟೀರಿಯಾದ ಉಳಿದ ಶಕ್ತಿಯೆಲ್ಲ ಹಾಗೇ ಇತ್ತು. ಅದನ್ನು ಚುಚ್ಚಿದ ಇಲಿಗಳು ಸಾಯಲೇ ಇಲ್ಲ. ಸಂದೇಶ ಸಮಯಕ್ಕೆ ಹೊರಟಿತು, ಅಷ್ಟೇ ವ್ಯತ್ಯಾಸ. ಈ ವಿಷಯದಲ್ಲಿ ನಾನು ಓದಿದ ಎಲ್ಲ ಪ್ರಯೋಗಗಳಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತದ್ದು ಇದು. ಮೊದಲ ಗಂಟೆಗಳ ಸಂದೇಶಕ್ಕೆ ಇರುವ ಬೆಲೆ ಇದರಲ್ಲಿ ಕಣ್ಣಿಗೆ ಕಾಣುತ್ತದೆ.

ನಮ್ಮ ಮಳೆಗಾಲದ ಲೆಪ್ಟೊಸ್ಪೈರೋಸಿಸ್, ಅಂದರೆ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾದಿಂದ ಬರುವ ಇಲಿಜ್ವರ, ಕೂಡ ಹೀಗೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಆಮೇಲಿನ ವಾರಗಳಲ್ಲಿ ಈ ಜ್ವರ ಬಂದವರು ತುಂಬಾ. ಲೆಪ್ಟೊಸ್ಪೈರಾದ ಅಣುವನ್ನು ಇಲಿಯ ಟಿಎಲ್‌ಆರ್-4 ಗುರುತಿಸುತ್ತದೆ, ಮನುಷ್ಯನದ್ದು ಗುರುತಿಸುವುದಿಲ್ಲ. ಇಲಿ ಅದನ್ನು ಮೂತ್ರಪಿಂಡದಲ್ಲಿ ಇಟ್ಟುಕೊಂಡು ಓಡಾಡಿಕೊಂಡಿರಲು, ನಾವು ಕಾಮಾಲೆ ಬಂದು ಮಲಗಲು ಇದೂ ಒಂದು ಕಾರಣ. ಕಾಲಲ್ಲಿ ಗಾಯ ಇದ್ದು ಮಳೆನೀರಿನಲ್ಲಿ ನಡೆದಿದ್ದರೆ ಜ್ವರಕ್ಕೆ ಕಾಯಬೇಡಿ, ಅದೇ ದಿನ ಡಾಕ್ಟರನ್ನು ಕೇಳಿ. ತಡೆಗೆ ಮಾತ್ರೆ ಇದೆ.

ಡೆಂಗ್ಯೂ ವೈರಸ್ಸಿನ ಉಪಾಯ ಬೇರೆ. ಅದು ಇಂಟರ್‌ಫೆರಾನ್ ಸಂದೇಶ ಹೊರಡುವುದನ್ನೂ ತಡೆಯಲು ನೋಡುತ್ತದೆ, ಬಂದ ಸಂದೇಶ ಕೋಶದೊಳಗೆ ದಾಟುವುದನ್ನೂ ತಡೆಯುತ್ತದೆ. ರಿಸೆಪ್ಟರಿನಿಂದ ಜೀನ್‌ವರೆಗೆ ಸುದ್ದಿ ಒಯ್ಯುವ ಸ್ಟ್ಯಾಟ್-2 ಅನ್ನುವ ಪ್ರೋಟೀನನ್ನು ಹಿಡಿದು ನಾಶ ಮಾಡಿಸುತ್ತದೆ. ಮನುಷ್ಯರ ಸ್ಟ್ಯಾಟ್-2 ಅದರ ಹಿಡಿತಕ್ಕೆ ಸಿಗುತ್ತದೆ, ಇಲಿಯದ್ದು ಸಿಗುವುದಿಲ್ಲ. ಹಾಗಾಗಿ ಮಾಮೂಲಿ ಇಲಿಗೆ ಡೆಂಗ್ಯೂ ಹತ್ತುವುದಿಲ್ಲ. ಲ್ಯಾಬಿನಲ್ಲಿ ಡೆಂಗ್ಯೂ ಅಧ್ಯಯನಕ್ಕೆ ಇಂಟರ್‌ಫೆರಾನ್ ರಿಸೆಪ್ಟರೇ ಇಲ್ಲದ ಇಲಿಗಳನ್ನು ಬಳಸಬೇಕಾಗುತ್ತದೆ.

ಈಗ ಐದನೇ ದಿನಕ್ಕೆ ಬರುತ್ತೇನೆ.

ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆ ಬಂದು ಹೋದರೆ ಅದರ ವಿರುದ್ಧ ಬಾಳಿಡೀ ರಕ್ಷಣೆ ಇರುತ್ತದೆ. ಉಳಿದ ಮೂರರ ವಿರುದ್ಧ ಇರುವುದು ಕೆಲವು ತಿಂಗಳು ಮಾತ್ರ. ನಿಮ್ಮ ಮಗನಿಗೆ ಎರಡನೇ ಸಲ ಬೇರೆ ಬಗೆ ಬಂದಿರಬೇಕು. ಹಳೇ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ಹೊಸ ಬಗೆಗೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ನಿಷ್ಕ್ರಿಯ ಮಾಡುವಷ್ಟು ಗಟ್ಟಿಯಾಗಿ ಅಲ್ಲ. ಪ್ರತಿಕಾಯ ಅಂಟಿದ್ದನ್ನು ನುಂಗುವುದು ಕೆಲವು ಬಿಳಿ ರಕ್ತಕಣಗಳ ಕೆಲಸ. ಅವು ನುಂಗುತ್ತವೆ, ವೈರಸ್ ಒಳಗೆ ಜೀವಂತ ಇರುತ್ತದೆ, ಅಲ್ಲೇ ಬೆಳೆಯುತ್ತದೆ. ಹೀಗೆ ಮೊದಲ ದಿನಗಳಲ್ಲಿ ವೈರಸ್ ಲೆಕ್ಕಕ್ಕಿಂತ ಜಾಸ್ತಿ ಆಗುತ್ತದೆ. ನಾಲ್ಕೈದು ದಿನದಲ್ಲಿ ಟಿ ಕೋಶಗಳೂ ಹೊಸ ಪ್ರತಿಕಾಯಗಳೂ ಬಂದು ಸೇರುತ್ತವೆ. ಅಷ್ಟು ಹೊತ್ತಿಗೆ ಸೋಂಕಿನ ಕೋಶಗಳು ಮೈತುಂಬ ಇರುತ್ತವೆ, ಅವುಗಳ ಮೇಲೆಲ್ಲ ಒಟ್ಟಿಗೆ ದಾಳಿ ಆಗುತ್ತದೆ, ಟಿಎನ್‌ಎಫ್ ಮುಂತಾದ ಸಂದೇಶಗಳು ಒಮ್ಮೆಲೇ ರಕ್ತಕ್ಕೆ ಬರುತ್ತವೆ.

ಟಿಎನ್‌ಎಫ್‌ನ ಒಂದು ಮಾಮೂಲಿ ಕೆಲಸ ರಕ್ತನಾಳದ ಒಳಗೋಡೆಯ ಕೋಶಗಳ ನಡುವೆ ಸಂದು ಬಿಡಿಸುವುದು. ಬೆರಳಿಗೆ ಮುಳ್ಳು ಚುಚ್ಚಿದಾಗ ಅಲ್ಲಿ ಊದಿ ಕೆಂಪಾಗುವುದು ಇದರಿಂದ. ರಕ್ತದಿಂದ ಬಿಳಿ ಕಣಗಳು ಹೊರಬಂದು ಕೆಲಸ ಮಾಡಲು ಆ ಸಂದು ಬೇಕೇ ಬೇಕು. ಬೆರಳಲ್ಲಿ ಆದರೆ ಬಾವು, ಎರಡು ದಿನದಲ್ಲಿ ಇಳಿಯುತ್ತದೆ. ಅದೇ ಮೈಯ ಎಲ್ಲ ರಕ್ತನಾಳಗಳಲ್ಲಿ ಒಂದೇ ಹೊತ್ತಿಗೆ ಆದರೆ ರಕ್ತದ ನೀರಿನ ಭಾಗ, ಪ್ಲಾಸ್ಮಾ, ಹೊಟ್ಟೆಗೆ, ಎದೆಗೂಡಿಗೆ ಸೋರುತ್ತದೆ. ಡೆಂಗ್ಯೂ ವೈರಸ್ ಹೊರಗೆ ಬಿಡುವ ಎನ್‌ಎಸ್-1 ಪ್ರೋಟೀನ್ ಕೂಡ ಈ ಗೋಡೆಯನ್ನು ಹಾಳು ಮಾಡುತ್ತದೆ, ಆದ್ದರಿಂದ ತಪ್ಪೆಲ್ಲ ನಮ್ಮ ಸೈಟೊಕೈನಿನದ್ದೇ ಅಂತಲೂ ಹೇಳಬಾರದು. ಒಳಗಿನ ರಕ್ತ ಗಟ್ಟಿಯಾಗುತ್ತದೆ, ಒತ್ತಡ ಇಳಿಯುತ್ತದೆ, ಕೈಕಾಲು ತಣ್ಣಗಾಗುತ್ತದೆ. ವೈರಸ್ ಮತ್ತು ಜ್ವರ ಇಳಿಯುವ ಹೊತ್ತಿಗೇ, ಹೆಚ್ಚಾಗಿ ಮೂರರಿಂದ ಏಳನೇ ದಿನದೊಳಗೆ, ಇದು ಶುರುವಾಗುತ್ತದೆ. 24ರಿಂದ 48 ಗಂಟೆ ಇರುತ್ತದೆ. ಆಮೇಲೆ ಸಂದು ಮುಚ್ಚಿ ಸೋರಿದ ನೀರು ತಾನಾಗಿ ರಕ್ತಕ್ಕೆ ಮರಳುತ್ತದೆ. ಈ ಎರಡು ದಿನ ಸರಿಯಾದ ಪ್ರಮಾಣದಲ್ಲಿ ಸಲೈನ್ ಕೊಟ್ಟು ದಾಟಿಸಿದರೆ ಹೆಚ್ಚಿನವರು ಬದುಕುತ್ತಾರೆ. ನೀವು ಸಂಜೆಯೇ ಕರೆದುಕೊಂಡು ಹೋದದ್ದು ಅವನನ್ನು ಉಳಿಸಿತು.

ಒಂದು ಮಾತು ಇಲ್ಲಿ ಒತ್ತಿ ಹೇಳಬೇಕು. ಡೆಂಗ್ಯೂ ಅಂದ ಕೂಡಲೇ ನಮ್ಮವರೆಲ್ಲ ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ ಕೇಳುತ್ತಾರೆ. ಪಪ್ಪಾಯಿ ಎಲೆಯ ರಸಕ್ಕೆ ಓಡುತ್ತಾರೆ. ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಪ್ಲಾಸ್ಮಾ ಸೋರಿಕೆ. ಅದನ್ನು ತೋರಿಸುವುದು ರಿಪೋರ್ಟಿನಲ್ಲಿ ಹಿಮಟೊಕ್ರಿಟ್ (ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನುವ ಲೆಕ್ಕ) ಅನ್ನುವ ಸಾಲು, ರಕ್ತದೊತ್ತಡ, ಮತ್ತು ಮೂತ್ರ ಎಷ್ಟು ಹೋಗುತ್ತಿದೆ ಅನ್ನುವುದು. ಜ್ವರ ಬಿಟ್ಟ ಮೇಲೆ ಬಿಡದ ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಮಂಕು ಅಥವಾ ಚಡಪಡಿಕೆ, ಆರು ಗಂಟೆಯಿಂದ ಮೂತ್ರ ಇಲ್ಲ, ಇವುಗಳಲ್ಲಿ ಒಂದು ಕಂಡರೂ ಅದೇ ಗಂಟೆ ಆಸ್ಪತ್ರೆಗೆ ಹೋಗಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಾಗಬಹುದು.

ಹಾಗಾದರೆ ಸೈಟೊಕೈನ್ ಒಳ್ಳೆಯದಾ ಕೆಟ್ಟದ್ದಾ? ಬೇಗ ಬಂದು, ಬೇಕಾದ ಜಾಗದಲ್ಲಿ ಇದ್ದು, ಕೆಲಸ ಆದ ಮೇಲೆ ನಿಂತರೆ ಒಳ್ಳೆಯದು. ತಡವಾಗಿ, ಎಲ್ಲ ಕಡೆ, ನಿಲ್ಲದೆ ಬಂದರೆ ಅದೇ ಪ್ರೋಟೀನ್ ಕೊಲ್ಲುತ್ತದೆ. ನಿಲ್ಲಿಸಲೂ ಮೈಯಲ್ಲಿ ವ್ಯವಸ್ಥೆ ಇದೆ. ಇಂಟರ್‌ಲ್ಯೂಕಿನ್-10 ಅನ್ನುವ ಸಂದೇಶದ ಮುಖ್ಯ ಕೆಲಸವೇ ಉಳಿದ ಸಂದೇಶಗಳನ್ನು ತಗ್ಗಿಸುವುದು. ಎಷ್ಟೋ ಸಂದೇಶಗಳು ಕೋಶದೊಳಗೆ ತಮ್ಮನ್ನೇ ತಡೆಯುವ ಪ್ರೋಟೀನನ್ನೂ ತಯಾರಿಸಿಟ್ಟು ಹೋಗುತ್ತವೆ.

ಕೋವಿಡ್ ಕಾಲದಲ್ಲಿ ಇದರ ಎರಡೂ ಮುಖ ನೋಡಿದೆವು. ತೀವ್ರವಾಗಿ ಕಾಯಿಲೆ ಬಿದ್ದ 987 ಜನರನ್ನು 2020ರಲ್ಲಿ ಪರೀಕ್ಷಿಸಿದಾಗ ಅವರಲ್ಲಿ 101 ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದು ಹಾಳು ಮಾಡುವ ಪ್ರತಿಕಾಯಗಳಿದ್ದವು. ಲಕ್ಷಣ ಇಲ್ಲದ ಅಥವಾ ಸಣ್ಣದಾಗಿ ಬಂದು ಹೋದ 663 ಜನರಲ್ಲಿ ಒಬ್ಬರಲ್ಲೂ ಇರಲಿಲ್ಲ. ಅಂದರೆ ಮೊದಲ ಸಂದೇಶವೇ ಇಲ್ಲದ್ದರಿಂದ ಅವರು ಅಷ್ಟು ಕಷ್ಟಪಟ್ಟರು. ಇನ್ನೊಂದು ಕಡೆ, ಅದೇ ವರ್ಷ ಬ್ರಿಟನ್ನಿನ ರಿಕವರಿ ಅಧ್ಯಯನದಲ್ಲಿ ಡೆಕ್ಸಾಮೆಥಾಸೋನ್ ಅನ್ನುವ ಅಗ್ಗದ ಸ್ಟಿರಾಯ್ಡ್ ಕೊಟ್ಟಾಗ ವೆಂಟಿಲೇಟರಿನಲ್ಲಿದ್ದವರ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಸ್ಟಿರಾಯ್ಡ್ ಸೈಟೊಕೈನ್ ತಗ್ಗಿಸುತ್ತದೆ. ಆದರೆ ಆಕ್ಸಿಜನ್ ಬೇಡದವರಿಗೆ ಅದೇ ಔಷಧಿಯಿಂದ ಲಾಭ ಆಗಲಿಲ್ಲ. ಅವರ ಮೈಗೆ ಆ ಹೊತ್ತಿನಲ್ಲಿ ಸಂದೇಶ ಬೇಕಿತ್ತು. 2021ರಲ್ಲಿ ಮಹಾರಾಷ್ಟ್ರದಲ್ಲಿ ಎಷ್ಟೋ ಮನೆಗಳಲ್ಲಿ ಜ್ವರದ ಎರಡನೇ ದಿನವೇ ಸ್ಟಿರಾಯ್ಡ್ ನುಂಗಿದರು. ಸಕ್ಕರೆ ಕಾಯಿಲೆ ಇದ್ದವರಿಗೆ ಕಪ್ಪು ಶಿಲೀಂಧ್ರ ಬಂದು ಕಣ್ಣು ಹೋದದ್ದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಇಷ್ಟು ಹೇಳಿದ ಮೇಲೆ ಇಮ್ಯುನಿಟಿ ಹೆಚ್ಚಿಸುವ ಪುಡಿ, ಕಷಾಯದ ಪ್ರಶ್ನೆಗೆ ನನ್ನ ಉತ್ತರ ನಿಮಗೇ ಹೊಳೆದಿರಬಹುದು. ಕೊಡಬೇಡಿ. ನಿಮ್ಮ ಮಗನಲ್ಲಿ ಸಂದೇಶದ ಕೊರತೆ ಇರಲಿಲ್ಲ. ಐದನೇ ದಿನ ಅದು ವಿಪರೀತ ಇತ್ತು.

ರಕ್ಷಣಾ ವ್ಯವಸ್ಥೆಯನ್ನು ನಿಜವಾಗಿಯೂ ಜೋರಾಗಿ ಹೆಚ್ಚಿಸಿದರೆ ಏನಾಗುತ್ತದೆ ಅನ್ನುವುದು 2006ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಗೊತ್ತಾಯಿತು. ಟಿ ಕೋಶಗಳನ್ನು ಎಚ್ಚರಿಸುವ ಟಿಜಿಎನ್-1412 ಅನ್ನುವ ಹೊಸ ಔಷಧಿಯನ್ನು ಆರು ಜನ ಆರೋಗ್ಯವಂತ ಯುವಕರಿಗೆ ಕೊಟ್ಟರು. ಪ್ರಾಣಿಗಳಲ್ಲಿ ಸುರಕ್ಷಿತ ಅಂತ ಕಂಡ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ. ಎರಡು ಗಂಟೆಯೊಳಗೆ ತಲೆನೋವು, ನಡುಕ, ವಾಂತಿ, ಆಮೇಲೆ ಒಂದೊಂದಾಗಿ ಅಂಗಗಳು ಕೈಕೊಟ್ಟವು. ಆರೂ ಜನ ಐಸಿಯು ಸೇರಿದರು. ಯಾರೂ ಸಾಯಲಿಲ್ಲ, ಅಷ್ಟೇ ಪುಣ್ಯ. ಅವರ ಮೈಯಲ್ಲಿ ಯಾವ ಕ್ರಿಮಿಯೂ ಇರಲಿಲ್ಲ, ಬರೀ ಸೈಟೊಕೈನ್.

ಅಂಗಡಿಯ ಪುಡಿಗಳಲ್ಲಿ ಹೆಚ್ಚಿನವು ಅಂಥ ಏನನ್ನೂ ಮಾಡುವುದಿಲ್ಲ, ದುಡ್ಡು ಹೋಗುತ್ತದೆ ಅಷ್ಟೇ. ಅಮೃತಬಳ್ಳಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೋವಿಡ್ ಸಮಯದಲ್ಲಿ ಅದನ್ನು ವಾರಗಟ್ಟಲೆ ಸೇವಿಸಿ ಯಕೃತ್ತಿನ ತೊಂದರೆ ಬಂದ ಆರು ರೋಗಿಗಳ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಇರಲಿ, ಡೆಂಗ್ಯೂ ಯಕೃತ್ತಿಗೂ ಪೆಟ್ಟು ಕೊಡುವ ಕಾಯಿಲೆ. ಈಗ ತಾನೇ ಚೇತರಿಸಿಕೊಂಡ ಹುಡುಗನ ಮೇಲೆ ಅದನ್ನು ಪ್ರಯೋಗಿಸುವುದು ನನಗೆ ಸರಿ ಕಾಣುವುದಿಲ್ಲ. ಊಟದ ಜೊತೆ ಶುಂಠಿ, ಅರಿಶಿನ, ಮೆಣಸಿನ ಸಾರು ಧಾರಾಳವಾಗಿ ಕೊಡಿ, ರುಚಿಗೆ.

ಸಂದೇಶ ಸಮಯಕ್ಕೆ ಹೊರಡುವಂತೆ ಮಾಡುವ ಒಂದು ದಾರಿ ನಮ್ಮ ಹತ್ತಿರ ಇದೆ, ಲಸಿಕೆ. ಗುರುತು ಮೊದಲೇ ಸಿಕ್ಕಿರುವುದರಿಂದ ವೈರಸ್ ಹೆಚ್ಚಾಗುವ ಮೊದಲೇ ಕೆಲಸ ಮುಗಿಯುತ್ತದೆ. ಅವನ ವಯಸ್ಸಿಗೆ ಯಾವುದು ಬಾಕಿ ಇದೆ ಅಂತ ಡಾಕ್ಟರನ್ನು ಕೇಳಿ ಹಾಕಿಸಿ. ಇನ್ನೊಂದು, ನಿದ್ದೆ. ಏಳು ಗಂಟೆಗಿಂತ ಕಡಿಮೆ ಮಲಗುವವರಿಗೆ, ಎಂಟು ಗಂಟೆ ಅಥವಾ ಹೆಚ್ಚು ಮಲಗುವವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ನೆಗಡಿ ಹತ್ತಿದ್ದು, ಮೂಗಿಗೆ ವೈರಸ್ ಹನಿ ಹಾಕಿ ನೋಡಿದ ಅಧ್ಯಯನದಲ್ಲಿ 2009ರಲ್ಲಿ ಕಂಡಿತ್ತು. ಬೆಳಿಗ್ಗೆ ಲೋಕಲ್ ಹಿಡಿಯಲು ಐದಕ್ಕೆ ಏಳುವ, ರಾತ್ರಿ ಒಂದರವರೆಗೆ ಮೊಬೈಲ್ ನೋಡುವ ಹುಡುಗರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಿ. ಡೆಂಗ್ಯೂ ಮಟ್ಟಿಗೆ ಸೊಳ್ಳೆ ತಡೆಯೇ ದೊಡ್ಡದು. ಈಡಿಸ್ ಹಗಲು ಕಚ್ಚುತ್ತದೆ. ಅದರ ಮೊಟ್ಟೆ ಒಣಗಿದ ಪಾತ್ರೆಯಲ್ಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ನೀರಿನ ಡ್ರಮ್ಮು, ಇವನ್ನು ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೆಯಬೇಕು. ನಿಮಗೆ ಸಮಾಧಾನ ಆಗುವ ಒಂದು ವಿಷಯವೂ ಇದೆ. ಡೆಂಗ್ಯೂ ತೀವ್ರ ಆಗುವ ಸಂಭವ ಎರಡನೇ ಸಲ ಹೆಚ್ಚು. ಮೂರನೇ, ನಾಲ್ಕನೇ ಸಲ ಅಷ್ಟಿಲ್ಲ.

ಕೊನೆಗೆ ನಿಮ್ಮ ಬಾವನ ವಿಷಯ. ಹೌದು, ಅವರ ಇಂಜೆಕ್ಷನ್ ಸೈಟೊಕೈನ್ ತಡೆಯುವಂಥದ್ದು. ಅಡಾಲಿಮುಮಾಬ್, ಇನ್‌ಫ್ಲಿಕ್ಸಿಮಾಬ್ ಇಂಥ ಔಷಧಿಗಳು ಟಿಎನ್‌ಎಫ್‌ಅನ್ನು ಹಿಡಿದು ನಿಲ್ಲಿಸುತ್ತವೆ. ಸಂಧಿವಾತದಲ್ಲಿ ಕ್ರಿಮಿಯೇ ಇಲ್ಲದೆ ಕೀಲಿನೊಳಗೆ ಟಿಎನ್‌ಎಫ್ ಬರುತ್ತಲೇ ಇರುತ್ತದೆ, ಆದ್ದರಿಂದ ಅದನ್ನು ತಡೆದರೆ ನೋವು, ಬಾವು ಇಳಿಯುತ್ತದೆ. ತೊಂದರೆ ಎಲ್ಲಿ ಅಂದರೆ, ಟಿಬಿ ಬ್ಯಾಕ್ಟೀರಿಯಾವನ್ನು ಶ್ವಾಸಕೋಶದಲ್ಲಿ ಕಟ್ಟಿಹಾಕಿ ಇಡುವುದೂ ಟಿಎನ್‌ಎಫ್. ಟಿಬಿ ಹೊಕ್ಕ ಹೆಚ್ಚಿನವರಿಗೆ ಕಾಯಿಲೆ ಬರುವುದಿಲ್ಲ. ಬಿಳಿ ಕಣಗಳು ಅದರ ಸುತ್ತ ಗಂಟು ಕಟ್ಟಿ ವರ್ಷಗಟ್ಟಲೆ ಒಳಗೇ ಇಟ್ಟಿರುತ್ತವೆ. ಆ ಗಂಟು ಬಿಗಿಯಾಗಿರಲು ಟಿಎನ್‌ಎಫ್ ದಿನಾ ಬೇಕು. ಔಷಧಿಯಿಂದ ಅದು ನಿಂತರೆ ಗಂಟು ಸಡಿಲವಾಗಿ ಮಲಗಿದ್ದ ಟಿಬಿ ಏಳುತ್ತದೆ. ಇನ್‌ಫ್ಲಿಕ್ಸಿಮಾಬ್ ಪಡೆದವರಲ್ಲಿ ಹೀಗಾದ 70 ಪ್ರಕರಣಗಳ ವರದಿ 2001ರಲ್ಲಿ ಬಂದ ಮೇಲೆ, ಮೊದಲು ಟಿಬಿ ಪರೀಕ್ಷೆ ಅನ್ನುವುದು ನಿಯಮವಾಯಿತು. ಮುಂಬಯಿಯಂಥ ಊರಲ್ಲಿ ಟಿಬಿ ಒಳಗೆ ಮಲಗಿರುವವರು ತುಂಬಾ ಜನ.

ರಕ್ತದ ಪರೀಕ್ಷೆ ಮಾಡಿಸಿದರೆ ಅದೂ ಸೈಟೊಕೈನ್ ಪರೀಕ್ಷೆಯೇ. ರಕ್ತಕ್ಕೆ ಟಿಬಿ ಬ್ಯಾಕ್ಟೀರಿಯಾದ ಎರಡು ಮೂರು ಪ್ರೋಟೀನ್ ಸೇರಿಸಿ ಒಂದು ರಾತ್ರಿ ಇಡುತ್ತಾರೆ. ಬಾವನ ಟಿ ಕೋಶಗಳು ಟಿಬಿಯನ್ನು ಮೊದಲೇ ಕಂಡಿದ್ದರೆ ಇಂಟರ್‌ಫೆರಾನ್ ಗಾಮಾ ಬಿಡುತ್ತವೆ, ಅದನ್ನು ಅಳೆಯುತ್ತಾರೆ. ಚಿಕ್ಕಂದಿನಲ್ಲಿ ಹಾಕಿದ ಬಿಸಿಜಿ ಲಸಿಕೆಯಿಂದ ಇದರಲ್ಲಿ ಗೊಂದಲ ಆಗುವುದಿಲ್ಲ. ಟಿಬಿ ವಿಷಯದಲ್ಲಿ ಈ ಗಾಮಾ ಎಷ್ಟು ಮುಖ್ಯ ಅಂದರೆ, ಹುಟ್ಟುವಾಗಲೇ ಅದರ ರಿಸೆಪ್ಟರ್ ಇಲ್ಲದ ಮಕ್ಕಳಿಗೆ ಬಿಸಿಜಿ ಲಸಿಕೆಯೇ ಕಾಯಿಲೆಯಾಗಿ ಮೈತುಂಬ ಹರಡಬಹುದು.

ಪರೀಕ್ಷೆಯನ್ನು ಇಂಜೆಕ್ಷನ್ ಶುರು ಮಾಡುವ ಮೊದಲೇ ಮಾಡಿಸಲಿ, ಜೊತೆಗೆ ಎದೆಯ ಎಕ್ಸ್‌ರೇ. ಪಾಸಿಟಿವ್ ಬಂದರೆ ಹೆದರಬೇಡಿ. ಕಾಯಿಲೆ ಎದ್ದಿಲ್ಲ ಅಂತ ಖಚಿತ ಮಾಡಿಕೊಂಡು ತಡೆ ಮಾತ್ರೆ ಕೊಡುತ್ತಾರೆ, ವಾರಕ್ಕೊಮ್ಮೆಯಂತೆ ಮೂರು ತಿಂಗಳು ಅಥವಾ ದಿನಾ ಒಂದರಂತೆ ಆರು ತಿಂಗಳು. ಸಾಮಾನ್ಯವಾಗಿ ಒಂದು ತಿಂಗಳು ಮಾತ್ರೆ ತೆಗೆದುಕೊಂಡ ಮೇಲೆ ಇಂಜೆಕ್ಷನ್ ಶುರು ಮಾಡಬಹುದು. ನೆಗೆಟಿವ್ ಬಂದರೂ ಒಂದು ಎಚ್ಚರ ಇರಲಿ. ಈ ಔಷಧಿಯ ಮೇಲಿರುವವರಲ್ಲಿ ಟಿಬಿ ಬಹಳ ಸಲ ಶ್ವಾಸಕೋಶದ ಹೊರಗೆ ಏಳುತ್ತದೆ. ಕೆಮ್ಮಿಗೆ ಕಾಯದೆ, ಸಂಜೆ ಜ್ವರ, ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಂಟು, ಹೊಟ್ಟೆ ಉಬ್ಬರ, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಇಂಜೆಕ್ಷನ್ ತೆಗೆದುಕೊಳ್ಳುವ ಮೊದಲು ಡಾಕ್ಟರಿಗೆ ಹೇಳಲಿ.